ಬಾಗಿಲು ಕಾಯುವವನೇ ಕಾಗದ ನುಂಗಿದರೆ?

ಕೈಗಾಕ್ಕೆ ಶೂಟಿಂಗಿಗೆ ಹೋಗಿದ್ದೆ. ಮಲ್ಲಾಪುರದಲ್ಲಿ ಚಹಾ ಕುಡೀತಾ ಇದ್ದಾಗ ಒಬ್ಬರು ಬಂದು ಮಾತಾಡಿಸಿದರು. ಪಂಪು, ವಾಲ್ವು ರಿಪೇರಿಯ ಸಣ್ಣ ವರ್ಕ್‌ಶಾಪ್ ಅವರದ್ದು. "ಸರ್, ಇದನ್ನೂ ನಿಮ್ಮ ಟಿವಿಯಲ್ಲಿ ಸ್ವಲ್ಪ ಹೇಳಿ" ಅಂದರು.

ಹೊರ ಊರಿನ ಖಾಸಗಿ ಕಂಪನಿಯೊಂದಕ್ಕೆ ಕೊಟೇಶನ್ ಮೇಲ್ ಮಾಡಿದ್ದರಂತೆ. ಉತ್ತರವೇ ಇಲ್ಲ. ಗಡುವು ಮುಗಿದ ಮೇಲೆ ಫೋನ್ ಮಾಡಿದರೆ, "ನಿಮ್ಮ ಮೇಲ್ ಬಂದೇ ಇಲ್ವಲ್ಲ!" ಹುಡುಕಿದಾಗ ಅದು ಫಿಲ್ಟರ್‌ನ ಕ್ವಾರಂಟೈನ್‌ನಲ್ಲಿ ಬಿದ್ದಿತ್ತು. ಆರ್ಡರ್ ಅಷ್ಟೊತ್ತಿಗೆ ಬೇರೆಯವರ ಪಾಲಾಗಿತ್ತು. ಇಬ್ಬರು ಹುಡುಗರಿಗೆ ಮಳೆಗಾಲದ ಸಂಬಳ ಅದರಿಂದಲೇ ಬರಬೇಕಿತ್ತು.

ನೋಡಿ, ಫಿಲ್ಟರ್ ನಮ್ಮ ಹಾಗೆ ಮೇಲ್ ಓದಲ್ಲ, ಅಂಕ ಹಾಕುತ್ತೆ. 'ಅರ್ಜೆಂಟ್' ಅಂತ ಇದ್ದರೆ ಇಷ್ಟು, ಜಿಪ್ ಫೈಲ್ ಇದ್ದರೆ ಇನ್ನಷ್ಟು. ಕಳಿಸಿದವರ ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್ ಎಂಬ ಗುರುತಿನ ದಾಖಲೆ ಇಲ್ಲದಿದ್ದರೆ ಮತ್ತಷ್ಟು. ಮೊತ್ತ ಗೆರೆ ದಾಟಿದರೆ ಮೇಲ್ ಬಂಧನದಲ್ಲಿ. ಗೆರೆ ಕೆಳಗಿಳಿಸಿದಷ್ಟೂ ಕಳ್ಳರ ಜೊತೆ ನೆಂಟರೂ ಸಿಕ್ಕಿಬೀಳುತ್ತಾರೆ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರಿಗೆ ಎಒಎಲ್ ಖಾತೆ ತೆರೆಯೋಕೇ ಆಗಲಿಲ್ಲ. ಊರಿನ ಹೆಸರಿನೊಳಗೆ ಒಂದು ಬೈಗುಳದ ಅಕ್ಷರಗಳಿವೆ ಅನ್ನೋದೇ ಕಾರಣ!

ಹಾಗಂತ ಫಿಲ್ಟರ್ ಬೇಡವೇ? ಖಂಡಿತ ಬೇಕು. 2019ರಲ್ಲಿ ಕೂಡಂಕುಳಂನಲ್ಲಿ ಏನಾಯ್ತು? ಆಡಳಿತದ ಕೆಲಸಕ್ಕೆ ಬಳಸುವ, ಇಂಟರ್ನೆಟ್ ಇರುವ ಜಾಲದ ಒಂದು ಕಂಪ್ಯೂಟರಿನಲ್ಲಿ ಮಾಲ್‌ವೇರ್ ಸಿಕ್ಕಿದ್ದನ್ನು ಅಕ್ಟೋಬರ್ 30ರಂದು ಎನ್‌ಪಿಸಿಐಎಲ್ ಒಪ್ಪಿಕೊಂಡಿತು. ಸ್ಥಾವರದ ನಿಯಂತ್ರಣ ವ್ಯವಸ್ಥೆ ಬೇರೆಯೇ ಇದೆ, ಅದಕ್ಕೇನೂ ಆಗಿಲ್ಲ ಎಂದೂ ಹೇಳಿತು. ಅಂದರೆ ಭಯಕ್ಕೆ ಕಾರಣ ಇದೆ.

ಆದರೆ ಭಯವನ್ನು ಹೇಗೆ ನಿಭಾಯಿಸಬೇಕು ಅನ್ನೋದನ್ನೂ ರಿಯಾಕ್ಟರ್‌ನಿಂದಲೇ ಕಲೀಬಹುದು. ನಮ್ಮ ಭಾರಜಲ ರಿಯಾಕ್ಟರುಗಳ ಸುರಕ್ಷತಾ ವ್ಯವಸ್ಥೆಯಲ್ಲಿ ಮೂರು ಚಾನೆಲ್ ಇರುತ್ತವೆ. ಮೂರರಲ್ಲಿ ಎರಡು 'ಅಪಾಯ' ಎಂದರೆ ಮಾತ್ರ ರಿಯಾಕ್ಟರ್ ನಿಲ್ಲುತ್ತೆ. ಒಂದೇ ಸೆನ್ಸರ್ ಕೆಟ್ಟು ಕೂಗಿಕೊಂಡರೆ ಸುಮ್ಮನೆ ನಿಲ್ಲಲ್ಲ, ಅದೇ ಹೊತ್ತಿಗೆ ಎಚ್ಚರಿಕೆಯಂತೂ ಬರುತ್ತೆ. ಕೈಗಾದ ಮೊದಲ ಘಟಕ ಸತತ 962 ದಿನ ಓಡಿ, 2018ರ ಕೊನೆಯ ದಿನ ವಿಶ್ವದಾಖಲೆಯೊಂದಿಗೆ ನಿಂತಿತು. ಸುರಕ್ಷತೆಗೂ ಕೆಲಸಕ್ಕೂ ಜಗಳ ಇಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಆಫೀಸುಗಳ ಮೇಲ್ ಫಿಲ್ಟರಿನಲ್ಲಿ ಇಲ್ಲದಿರೋದು ಆ ಎರಡನೇ ಕಣ್ಣು. ಅನುಮಾನ ಬಂದ ಮೇಲ್‌ಗಳ ಪಟ್ಟಿಯನ್ನು ದಿನಕ್ಕೊಮ್ಮೆ ಒಬ್ಬ ಮನುಷ್ಯ ನೋಡಲಿ. ಟೆಂಡರ್, ಕೊಟೇಶನ್ ಕರೆದಾಗ ಒಂದು ಫೋನ್ ನಂಬರ್ ಕೊಡಲಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನೀವೇ ಗೊತ್ತುಮಾಡಿದ ಕಂಪ್ಯೂಟರ್ ವ್ಯವಸ್ಥೆಯೊಳಗೆ ಮೇಲ್ ಬಂದ ಕ್ಷಣವೇ ಅದು ತಲುಪಿದ ಹಾಗೆ. 'ನಾವು ನೋಡಲೇ ಇಲ್ಲ' ಅನ್ನೋದು ಅಷ್ಟು ಸುಲಭದ ಉತ್ತರ ಅಲ್ಲ. ಆದರೆ ವಾಲ್ವು ರಿಪೇರಿ ಮಾಡುವವರು ಕೋರ್ಟ್ ಮೆಟ್ಟಿಲು ಹತ್ತೋಕಾಗುತ್ತಾ?

ಅವರಿಗೆ ನಾನು ಹೇಳಿದ್ದು ಇಷ್ಟೇ: ಡೊಮೇನ್ ದಾಖಲೆ ಸರಿಮಾಡಿಸಿ, ಜಿಪ್ ಬದಲು ಪಿಡಿಎಫ್ ಕಳಿಸಿ, ಕಳಿಸಿದ ದಿನವೇ ಫೋನ್ ಮಾಡಿ. "ಫೋನೇ ಮಾಡೋದಾದರೆ ಮೇಲ್ ಯಾಕೆ ಸರ್?" ಅಂದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾನಲ್ಲ.