ಜಗಲಿಯ ತೀರ್ಪು, ನ್ಯಾಯಾಲಯದ ತೀರ್ಪು

ಶ್ರೀರಂಗಪಟ್ಟಣದ ಪಡುವಲಿಗೆ, ರಂಗನತಿಟ್ಟಿನ ನೆರೆಯಲ್ಲಿ, ಕಬ್ಬು ಬತ್ತಗಳ ಹಸುರಿನ ನಡುವೆ ಪಾಲಹಳ್ಳಿ ಇದೆ. 1847ರಷ್ಟು ಹಿಂದೆಯೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗಿದ್ದ ಊರು ಅದು. ಅಲ್ಲಿ ನಮ್ಮ ಸೋದರತ್ತೆಯ ಮನೆ. 2025ರ ಆಗಸ್ಟ್ 3, ಶ್ರಾವಣದ ಭಾನುವಾರ. ಮೈಸೂರಿನಿಂದ ಸಂಸಾರ ಸಮೇತ ಅಲ್ಲಿಗೆ ಹೋಗಿದ್ದೆ. ಊಟವಾದ ಮೇಲೆ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆಯ ಸುತ್ತ ನೆರೆಹೊರೆಯವರು ಕೂಡಿದರು. ನಡುವೆ ಅಂದಿನ ವೃತ್ತಪತ್ರಿಕೆ ಹರಡಿತ್ತು. ಹಾಸನದ ಮಾಜಿ ಲೋಕಸಭಾ ಸದಸ್ಯ ಪ್ರಜ್ವಲ್ ರೇವಣ್ಣ ಅವರಿಗೆ ಅತ್ಯಾಚಾರದ ಮೊಕದ್ದಮೆಯಲ್ಲಿ ಆಜೀವ ಕಾರಾಗೃಹವಾಸ ವಿಧಿಸಿದ ಸುದ್ದಿ ಅದರಲ್ಲಿತ್ತು.

"ಅಷ್ಟು ಕಾಲ ಆಕೆ ಏಕೆ ಸುಮ್ಮನಿದ್ದಳಂತೆ?" ಎಂದರು ಒಬ್ಬರು.

"ಇಂಥವರ ಪರವಾಗಿ ನಿಂತು ವಾದಿಸುವ ವಕೀಲರಿಗೆ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೆ?" ಎಂದರು ಇನ್ನೊಬ್ಬರು.

ಮೈಸೂರಿನ ಕಾಲೇಜಿನಲ್ಲಿ ಓದುತ್ತಿರುವ ಅತ್ತೆಯ ಮೊಮ್ಮಗಳು ಬಾಗಿಲ ಬಳಿ ನಿಂತು ಕೇಳುತ್ತಿದ್ದಳು. "ಮಾವ, ಇವರಿಬ್ಬರ ಮಾತಿನಲ್ಲಿ ಕಾನೂನು ಯಾವುದನ್ನು ಒಪ್ಪುತ್ತದೆ?" ಎಂದು ನನ್ನನ್ನು ಕೇಳಿದಳು.

ನನಗೆ ಥಟ್ಟನೆ ಉತ್ತರ ತೋಚಲಿಲ್ಲ. ಮಂಡ್ಯದಲ್ಲಿ ಬಹುಕಾಲ ವಕೀಲಿ ನಡೆಸಿದ ಬಂಧುಗಳೊಬ್ಬರು ಅಲ್ಲಿಯೇ ಕುಳಿತಿದ್ದರು. ಅವರು ನಕ್ಕು, "ಎರಡನ್ನೂ ಒಪ್ಪುವುದಿಲ್ಲ, ಮಗು" ಎಂದರು. ಆ ಸಂಜೆ ಅವರಿಂದ ಕೇಳಿದ್ದನ್ನೂ ಅನಂತರ ನಾನು ಓದಿ ತಿಳಿದದ್ದನ್ನೂ ಸೇರಿಸಿ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ. ಇದು ಮನೆಮಂದಿಯೆಲ್ಲ ಕುಳಿತು ಓದುವ ವಿಷಯವೆ ಎಂದು ಕೆಲವರು ಹುಬ್ಬೇರಿಸಬಹುದು. ಮನೆಮಂದಿಯೇ ಓದಬೇಕಾದ ವಿಷಯವೆಂಬುದು ನನ್ನ ನಂಬಿಕೆ.

ಸೀರೆಯೊಂದು ನುಡಿದ ಸಾಕ್ಷ್ಯ

ಮೊದಲು ಆ ಮೊಕದ್ದಮೆಯನ್ನೇ ನೋಡೋಣ. ಫಿರ್ಯಾದಿ ಆ ಕುಟುಂಬದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಮಹಿಳೆ. ಕೃತ್ಯ ನಡೆದದ್ದು 2021ರಲ್ಲಿ. ದೂರು ದಾಖಲಾದದ್ದು 2024ರಲ್ಲಿ. ಜಗಲಿಯಲ್ಲಿ ಎದ್ದ ಪ್ರಶ್ನೆಯೇ ನ್ಯಾಯಾಲಯದಲ್ಲಿಯೂ ಎದ್ದಿತು: ಇಷ್ಟು ವಿಳಂಬವೇಕೆ? ಆದರೆ ನ್ಯಾಯಾಲಯ ಪ್ರಶ್ನೆ ಕೇಳಿ ಅಷ್ಟಕ್ಕೇ ಎದ್ದು ಹೋಗಲಿಲ್ಲ, ಉತ್ತರವನ್ನೂ ಹುಡುಕಿತು. ಆಕೆಯ ಸೀರೆಯ ಮೇಲಿನ ಕಲೆಗಳ ಡಿ.ಎನ್.ಎ. ಪರೀಕ್ಷೆ, ಚಿತ್ರಮುದ್ರಿಕೆ, ಪಾಟೀಸವಾಲಿಗೆ ಒಳಗಾದ ಆಕೆಯ ಸ್ವಂತ ಸಾಕ್ಷ್ಯ, ಇವೆಲ್ಲವನ್ನೂ ತೂಗಿ ನೋಡಿ, ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಆಪಾದಿತರು ದೋಷಿ ಎಂದು ಸಾರಿತು. ಮರುದಿನ ಶಿಕ್ಷೆ ವಿಧಿಸಿ, ದಂಡದ ಹಣದಲ್ಲಿ 11 ಲಕ್ಷ ರೂಪಾಯಿಗೂ ಮಿಕ್ಕ ಮೊತ್ತ ಆ ಮಹಿಳೆಗೆ ಸಲ್ಲಬೇಕೆಂದು ಆಜ್ಞಾಪಿಸಿತು. ತೀರ್ಪಿನ ವಿರುದ್ಧ ಆಪಾದಿತರು ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿದರು. ಅದು ಅವರ ಹಕ್ಕು.

ಅಪರಾಧ ಯಾವುದು?

2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಆ ದಿನಕ್ಕೆ ಮುಂಚೆ ನಡೆದ ಕೃತ್ಯಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ. ಹೊಸ ಸಂಹಿತೆಯ 63ನೆಯ ಕಲಮು ಅತ್ಯಾಚಾರವನ್ನು ವಿವರಿಸುತ್ತದೆ. 64ನೆಯ ಕಲಮಿನಂತೆ ಕನಿಷ್ಠ ಶಿಕ್ಷೆ 10 ವರ್ಷದ ಕಠಿಣ ಸಜೆ, ಗರಿಷ್ಠ ಆಜೀವ ಸಜೆ. ಹುಡುಗಿ 16 ವರ್ಷಕ್ಕೆ ಕಿರಿಯಳಾದರೆ ಕನಿಷ್ಠ ಶಿಕ್ಷೆ 20 ವರ್ಷ. 12 ವರ್ಷಕ್ಕೆ ಕಿರಿಯಳಾದರೆ ಮರಣದಂಡನೆಯವರೆಗೂ ಹೋಗಬಹುದು.

ಈ ಕಾನೂನಿನ ಹೃದಯವೆಲ್ಲ ಒಂದು ಮಾತಿನಲ್ಲಿದೆ: ಒಪ್ಪಿಗೆ. ಒಪ್ಪಿಗೆಯೆಂದರೆ ಮಾತಿನಿಂದಲೋ ಸನ್ನೆಯಿಂದಲೋ ಸ್ವಇಚ್ಛೆಯಿಂದ, ಅನುಮಾನಕ್ಕೆ ಎಡೆಯಿಲ್ಲದಂತೆ ಸೂಚಿಸಿದ ಸಮ್ಮತಿ. ಹೆಂಗಸು ಕೈಕಾಲು ಬಡಿದು ಪ್ರತಿಭಟಿಸಲಿಲ್ಲ ಎಂಬುದೊಂದರಿಂದಲೇ ಆಕೆ ಒಪ್ಪಿದಳೆಂದು ತಿಳಿಯಕೂಡದೆಂದು ಕಲಮು ಸ್ಪಷ್ಟವಾಗಿ ಹೇಳುತ್ತದೆ. ಬೆದರಿಕೆಯಿಂದ, ಅಮಲಿನಲ್ಲಿ, ಬುದ್ಧಿ ಸ್ವಾಧೀನದಲ್ಲಿಲ್ಲದಾಗ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಹದಿನೆಂಟು ತುಂಬದವರ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. 2012ರ ನವೆಂಬರ್ 14ರಿಂದ ಜಾರಿಯಲ್ಲಿರುವ ಪೋಕ್ಸೊ ಕಾಯಿದೆ ಗಂಡುಮಕ್ಕಳಿಗೂ ಈ ರಕ್ಷಣೆಯನ್ನು ಕೊಟ್ಟಿದೆ.

ಗಂಡಹೆಂಡಿರ ವಿಷಯದಲ್ಲಿ ಮಾತ್ರ ಕಾನೂನು ಒಂದು ವಿನಾಯಿತಿಯನ್ನು ಇಟ್ಟುಕೊಂಡಿದೆ. 18 ತುಂಬಿದ ಹೆಂಡತಿ ಗಂಡನ ಮೇಲೆ ಈ ಕಲಮಿನಡಿ ದೂರು ಕೊಡಲಾಗದು. 2022ರ ಮಾರ್ಚಿಯಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯ ಇಂಥ ಒಂದು ಮೊಕದ್ದಮೆಯನ್ನು ರದ್ದುಪಡಿಸಲು ಒಪ್ಪದೆ ದೇಶದ ಗಮನ ಸೆಳೆಯಿತು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆಯಾಜ್ಞೆ ಕೊಟ್ಟಿತು.

ಆಪಾದಿತನ ಪಾಲಿನ ನ್ಯಾಯ

ಇನ್ನು ಎರಡನೆಯ ನೆರೆಯವರ ಆಕ್ಷೇಪಕ್ಕೆ ಬರೋಣ. ವಕೀಲ ಬಂಧುಗಳು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: "ಆಪಾದಿತನಿಗೆ ವಕೀಲನಿಲ್ಲದ ತೀರ್ಪು ನಾಳೆ ಮೇಲ್ಮನವಿಯಲ್ಲಿ ನಿಲ್ಲುವುದಿಲ್ಲ. ಅದರಿಂದ ನಷ್ಟವಾಗುವುದು ನೊಂದ ಹೆಣ್ಣಿಗೇ." ದೋಷ ಸಿದ್ಧವಾಗುವ ತನಕ ಆಪಾದಿತ ನಿರ್ದೋಷಿ. ಸಂಶಯಾತೀತವಾಗಿ ಸಿದ್ಧಪಡಿಸುವ ಭಾರ ಸರ್ಕಾರದ್ದು. ನ್ಯಾಯವಾದ ಸಂಶಯ ಉಳಿದರೆ ಅದರ ಲಾಭ ಆತನಿಗೆ.

ಆತನ ಪರವಾಗಿ ಎತ್ತಬಹುದಾದ ವಾದಗಳು ಕೆಲವಿವೆ. "ನಾನು ಆ ವ್ಯಕ್ತಿಯೇ ಅಲ್ಲ; ಆಗ ಬೇರೆ ಊರಿನಲ್ಲಿದ್ದೆ" ಎನ್ನಬಹುದು. ಆದರೆ ಹಾಗೆಂದವನು ಅದನ್ನು ತಾನೇ ರುಜುವಾತುಪಡಿಸಬೇಕು. "ಜಮೀನಿನ ವ್ಯಾಜ್ಯದ ಹಗೆಯಿಂದ ಸುಳ್ಳು ದೂರು ಕೊಟ್ಟಿದ್ದಾರೆ" ಎನ್ನಬಹುದು. ಬರಿಯ ಮಾತು ಸಾಲದು, ಆಧಾರ ಬೇಕು. ಸಾಕ್ಷ್ಯದಲ್ಲಿ ಮೂಲಕ್ಕೇ ಧಕ್ಕೆ ತರುವ ವಿರೋಧಗಳಿದ್ದರೆ ತೋರಿಸಬಹುದು. ನೊಂದವಳೊಬ್ಬಳ ಸಾಕ್ಷ್ಯದ ಮೇಲೆಯೇ ಶಿಕ್ಷೆ ಕೊಡಬಹುದೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಆದರೆ ಆ ಸಾಕ್ಷ್ಯ ನಂಬಿಕೆಗೆ ಅರ್ಹವಾಗಿ, ಆದಿಯಿಂದ ಅಂತ್ಯದವರೆಗೆ ಗಟ್ಟಿಯಾಗಿರಬೇಕೆಂದು 2012ರ ಇನ್ನೊಂದು ತೀರ್ಪಿನಲ್ಲಿ ಒತ್ತಿ ಹೇಳಿ ಆಪಾದಿತರನ್ನು ಬಿಡುಗಡೆ ಮಾಡಿತು.

"ಇಬ್ಬರೂ ವಯಸ್ಕರು, ಆಕೆ ಒಪ್ಪಿದ್ದಳು" ಎಂಬುದು ಇನ್ನೊಂದು ವಾದ. ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿ 2003ರಲ್ಲಿ ತೀರ್ಮಾನವಾದ ಮೊಕದ್ದಮೆಯೊಂದು ಇದಕ್ಕೆ ನಿದರ್ಶನ. ಪ್ರೀತಿಸುತ್ತಿದ್ದ ಯುವಕ ಮದುವೆಯಾಗುವೆನೆಂದು ನಂಬಿಸಿದನೆಂದು 19 ವರ್ಷದ ಯುವತಿ ದೂರಿದ್ದಳು. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ವಿಧಿಸಿದ್ದವು. ಜಾತಿಭೇದದಿಂದಾಗಿ ಮದುವೆ ಕಷ್ಟವೆಂದು ಆಕೆಗೆ ತಿಳಿದಿತ್ತು, ಪ್ರೀತಿಯಿಂದ ತಿಳಿದೇ ಒಪ್ಪಿದಳು ಎಂದು ಹೇಳಿ ಸುಪ್ರೀಂ ಕೋರ್ಟು ಆತನನ್ನು ಬಿಡುಗಡೆ ಮಾಡಿತು. ಮೊದಲಿನಿಂದಲೇ ಮದುವೆಯಾಗುವ ಮನಸ್ಸಿಲ್ಲದೆ ವಂಚಿಸುವುದು ಬೇರೆ. ಮನಸ್ಸಿದ್ದೂ ಮುಂದೆ ಮಾತು ತಪ್ಪುವುದು ಬೇರೆ. ಮೊದಲನೆಯದನ್ನು ಈಗಿನ ಸಂಹಿತೆಯ 69ನೆಯ ಕಲಮು ಪ್ರತ್ಯೇಕ ಅಪರಾಧವೆಂದೇ ಹೆಸರಿಸಿ, 10 ವರ್ಷದವರೆಗೆ ಸಜೆಯನ್ನು ಇಟ್ಟಿದೆ.

ಆದರೆ ಆಪಾದಿತ ಪೊಲೀಸ್ ಅಧಿಕಾರಿಯೋ, ಆಸ್ಪತ್ರೆಯ ಸಿಬ್ಬಂದಿಯೋ, ಆಕೆಯ ಮೇಲೆ ಅಧಿಕಾರವುಳ್ಳ ಯಜಮಾನನೋ ಆಗಿದ್ದಲ್ಲಿ ತಕ್ಕಡಿ ಬೇರೆ. ಸಂಪರ್ಕ ನಡೆದದ್ದು ಸಿದ್ಧವಾಗಿ, ತಾನು ಒಪ್ಪಿರಲಿಲ್ಲವೆಂದು ಆಕೆ ನುಡಿದರೆ, ಒಪ್ಪಿಗೆಯಿರಲಿಲ್ಲವೆಂದೇ ನ್ಯಾಯಾಲಯ ಭಾವಿಸಬೇಕು. ಈ ನಿಯಮದ ಹಿಂದೆ ಒಂದು ನೋವಿನ ಕಥೆಯಿದೆ. 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂಬ ಮೊಕದ್ದಮೆಯಲ್ಲಿ, ಮೈಮೇಲೆ ಗಾಯವಿಲ್ಲ, ಆಕೆ ಪ್ರತಿಭಟಿಸಲಿಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಪೊಲೀಸರನ್ನು ಬಿಡುಗಡೆ ಮಾಡಿತು. ನಾಲ್ವರು ಕಾನೂನು ಪ್ರಾಧ್ಯಾಪಕರು 1979ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ದೇಶದ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು.

ಮುಚ್ಚಿದ ಬಾಗಿಲುಗಳು

ಹೀಗೆ ವಾದಕ್ಕೆ ಬಾಗಿಲು ತೆರೆದಿಟ್ಟ ಕಾನೂನು ಕೆಲವು ಬಾಗಿಲುಗಳನ್ನು ಭದ್ರವಾಗಿ ಮುಚ್ಚಿದೆ. ವಾಚಕರು ಗಮನಿಸಬೇಕು: ಜಗಲಿಯ ಮೇಲಿನ ನಮ್ಮ ತೀರ್ಪುಗಳೆಲ್ಲ ಸಾಮಾನ್ಯವಾಗಿ ಈ ಮುಚ್ಚಿದ ಬಾಗಿಲುಗಳಿಂದಲೇ ಹೊರಡುತ್ತವೆ.

"ಆಕೆಯ ನಡತೆ ಸರಿಯಿಲ್ಲ" ಎಂಬುದು ಮೊದಲನೆಯದು. ಹೆಂಗಸಿನ ಶೀಲವನ್ನು ಪ್ರಶ್ನಿಸಿ ಆಕೆಯ ಸಾಕ್ಷ್ಯವನ್ನು ಕೆಡಿಸಲು ಅವಕಾಶವಿತ್ತಿದ್ದ ನಿಯಮವನ್ನು 2002ರ ತಿದ್ದುಪಡಿ ಕಾಯಿದೆ ತೆಗೆದುಹಾಕಿತು. ಒಪ್ಪಿಗೆಯ ಪ್ರಶ್ನೆಗೆ ಆಕೆಯ ಹಿಂದಿನ ಸಂಬಂಧಗಳು ಅಪ್ರಸ್ತುತವೆಂದು 2013ರ ತಿದ್ದುಪಡಿ ಸಾರಿತು. ಹೊಸ ಸಾಕ್ಷ್ಯ ಅಧಿನಿಯಮವೂ ಅದನ್ನು ಉಳಿಸಿಕೊಂಡಿದೆ. ಎರಡು ಬೆರಳಿನ ಪರೀಕ್ಷೆಯೆಂಬ ಅವಮಾನಕರ ಪದ್ಧತಿಯನ್ನು 2013ರಲ್ಲಿ ಸುಪ್ರೀಂ ಕೋರ್ಟು ಖಂಡಿಸಿತು; ಅದನ್ನು ನಡೆಸುವ ವೈದ್ಯರು ದುರ್ನಡತೆಯ ಅಪರಾಧಿಗಳೆಂದು 2022ರಲ್ಲಿ ಎಚ್ಚರಿಸಿತು.

"ಹೀಗಾದವಳು ಹಾಗೆ ನಡೆದುಕೊಳ್ಳುತ್ತಾಳೆಯೆ?" ಎಂಬುದು ಇನ್ನೊಂದು. 2020ರ ಜೂನಿನಲ್ಲಿ ನಮ್ಮ ಉಚ್ಚ ನ್ಯಾಯಾಲಯದ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಕೃತ್ಯದ ತರುವಾಯ ನಿದ್ರೆ ಹೋದೆನೆಂಬ ಆಕೆಯ ಹೇಳಿಕೆ ಭಾರತೀಯ ನಾರಿಗೆ ತಕ್ಕುದಲ್ಲವೆಂಬ ಅರ್ಥದ ಮಾತು ಬಂದಿತ್ತು. ದೇಶದಲ್ಲೆಲ್ಲ ಟೀಕೆಯಾಯಿತು. ಮುಂದಿನ ತಿಂಗಳೇ ನ್ಯಾಯಾಲಯ ಆ ಸಾಲುಗಳನ್ನು ತಾನೇ ತೆಗೆದುಹಾಕಿತು. ನ್ಯಾಯಾಧೀಶರೇ ತಮ್ಮ ಮಾತನ್ನು ತಿದ್ದಿಕೊಳ್ಳುವಾಗ ಜಗಲಿಯವರು ತಿದ್ದಿಕೊಳ್ಳಲು ಏಕೆ ನಾಚಬೇಕು?

"ಕುಡಿದಿದ್ದ, ಬಡವ, ಅವಿದ್ಯಾವಂತ, ಸಂಸಾರವಂದಿಗ" ಎಂಬುದು ಮೂರನೆಯದು. ಎಂಟು ವರ್ಷದ ಆಸುಪಾಸಿನ ಬಾಲಕಿಯ ಮೇಲೆ ಅತ್ಯಾಚಾರವೆಸಗಿದವನಿಗೆ ವಿಧಿಸಿದ್ದ 10 ವರ್ಷದ ಸಜೆಯನ್ನು ಉಚ್ಚ ನ್ಯಾಯಾಲಯ ಇವೇ ಕಾರಣಗಳಿಂದ 4 ವರ್ಷಕ್ಕೆ ಇಳಿಸಿತ್ತು. ಕರ್ನಾಟಕ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2000ದಲ್ಲಿ ಆ ನ್ಯಾಯಾಲಯ 10 ವರ್ಷದ ಸಜೆಯನ್ನು ಮತ್ತೆ ಎತ್ತಿಹಿಡಿಯಿತು.

ಮನೆಯವರ ಕರ್ತವ್ಯ

ಇಂಥ ವಿಪತ್ತು ಬಂದ ಮನೆಯಲ್ಲಿ ತಾಯಿಯ ಕೈ ಮೊದಲು ಹೋಗುವುದು ಬಿಸಿನೀರಿನ ಹಂಡೆಯ ಕಡೆಗೆ. ಮಗಳಿಗೆ ಸ್ನಾನ ಮಾಡಿಸಿ ಬಟ್ಟೆಯನ್ನು ಒಗೆದುಬಿಡುತ್ತಾಳೆ. ಅದು ವಾತ್ಸಲ್ಯ, ಆದರೆ ಸಾಕ್ಷ್ಯ ತೊಳೆದುಹೋಗುತ್ತದೆ. ಸ್ನಾನಕ್ಕೆ ಮುಂಚೆ ಆಸ್ಪತ್ರೆ. ಬಟ್ಟೆಯನ್ನು ಒಗೆಯದೆ, ತೇವವಿದ್ದರೆ ನೆರಳಿನಲ್ಲಿ ಆರಿಸಿ, ಪ್ಲಾಸ್ಟಿಕ್ಕಿನಲ್ಲಿ ಅಲ್ಲ, ಕಾಗದದಲ್ಲಿ ಸುತ್ತಿಡಬೇಕು.

ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಉಚಿತವಾಗಿ ಪ್ರಥಮ ಚಿಕಿತ್ಸೆ ಕೊಡಲೇಬೇಕು, ನಿರಾಕರಿಸುವುದು ಅಪರಾಧ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. "ಇದು ನಮ್ಮ ಸರಹದ್ದಲ್ಲ" ಎಂದು ಪೊಲೀಸರು ಹಿಂದಕ್ಕೆ ಕಳುಹಿಸುವಂತಿಲ್ಲ. ನೊಂದವಳ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಆಕೆಯ ಸಮ್ಮತಿಯ ಮೇಲೆ ವೈದ್ಯಕೀಯ ಪರೀಕ್ಷೆ, ಅನಂತರ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ. ವಿಚಾರಣೆ ಮುಚ್ಚಿದ ಬಾಗಿಲಿನ ಒಳಗೆ ನಡೆಯುತ್ತದೆ. ಆಕೆಯ ಹೆಸರನ್ನೋ ಗುರುತನ್ನೋ ಪ್ರಕಟಿಸಿದವರಿಗೆ 2 ವರ್ಷದವರೆಗೆ ಸಜೆಯುಂಟು. ಮಕ್ಕಳ ಮೇಲಿನ ಕೃತ್ಯವನ್ನು ತಿಳಿದೂ ಪೊಲೀಸರಿಗೆ ತಿಳಿಸದೆ ಮುಚ್ಚಿಡುವುದೇ ಅಪರಾಧ.

ವಕೀಲರಿಗೆ ಕೊಡಲು ಹಣವಿಲ್ಲವೆಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ, ವರಮಾನವೆಷ್ಟೇ ಇರಲಿ, ಉಚಿತ ಕಾನೂನು ನೆರವು ದೊರೆಯುತ್ತದೆ. ಬಂಧನದಲ್ಲಿರುವ ಆಪಾದಿತನಿಗೂ ಅದೇ ಕಾಯಿದೆ ವಕೀಲರನ್ನು ಒದಗಿಸುತ್ತದೆ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಕಾನೂನು ನೆರವಿಗೆ 15100: ಈ ದೂರವಾಣಿ ಸಂಖ್ಯೆಗಳನ್ನು ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಆ ಸಂಜೆ ನೆರೆಯವರೆಲ್ಲ ಎದ್ದುಹೋದ ಮೇಲೆ, ಅಲ್ಲಿಯವರೆಗೆ ಒಂದು ಮಾತನ್ನೂ ಆಡದಿದ್ದ ಅತ್ತೆ ಹೇಳಿದರು: "ನಾನು ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಪರಿಚಯದ ಮನೆಯ ಹುಡುಗಿಯೊಬ್ಬಳಿಗೆ ಹೀಗೆಯೇ ಆಯಿತು. ನಾವೆಲ್ಲ ಹೆಂಗಸರೇ ಸೇರಿ ಅವಳ ಬಾಯಿ ಮುಚ್ಚಿಸಿದೆವು. ಏಕೆ ಸುಮ್ಮನಿದ್ದಳು ಎಂದು ಆಮೇಲೆ ಕೇಳಿದವರೂ ನಾವೇ."

ಮೊಮ್ಮಗಳು ಅಜ್ಜಿಯ ಪಕ್ಕಕ್ಕೆ ಬಂದು ಕುಳಿತಳು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟು, "ಏನೇ ಆಗಲಿ ಮಗು, ಮೊದಲು ನನ್ನ ಹತ್ತಿರ ಬಂದು ಹೇಳು. ನಾನು ಏಕೆ, ಎತ್ತ ಎಂದು ಕೇಳುವುದಿಲ್ಲ" ಎಂದರು.

ಯಾರು ದೋಷಿ, ಯಾರು ನಿರ್ದೋಷಿ ಎಂಬುದನ್ನು ತೂಗಿ ಹೇಳುವುದಕ್ಕೆ ನ್ಯಾಯಾಲಯವಿದೆ. ಅದಕ್ಕೆ ಬೇಕಾದ ಸಾಕ್ಷ್ಯ, ವಕೀಲರು, ಪಾಟೀಸವಾಲು ಎಲ್ಲವೂ ಅಲ್ಲಿವೆ. ನಮ್ಮ ಜಗಲಿಗಳಲ್ಲಿ ಅವು ಯಾವುವೂ ಇಲ್ಲ. ಆದುದರಿಂದ ತೀರ್ಪು ಕೊಡುವ ಕೆಲಸವನ್ನು ಅಲ್ಲಿಗೆ ಬಿಟ್ಟು, ನಂಬಿ ಬಂದವಳ ಮಾತನ್ನು ಕೇಳುವ ಕೆಲಸವನ್ನು ನಾವು ಇಟ್ಟುಕೊಂಡರೆ, ಅದೆಷ್ಟೋ ಹೆಣ್ಣುಮಕ್ಕಳಿಗೆ ಮೂರು ವರ್ಷ ಕಾಯುವ ಪ್ರಮೇಯ ಬರಲಾರದು.