ರಕ್ಷಿತ ನಾಯಿಗಳ ದತ್ತು ಹಾಗೂ ಹಿಂದಿರುಗಿಸುವ ಕರಾರು: ಗ್ರಾಮ ಪಂಚಾಯಿತಿ ಸದಸ್ಯರು ಅರಿಯಬೇಕಾದ ಅಂಶಗಳು

ಅಪಘಾತಕ್ಕೀಡಾದ ಅಥವಾ ಮಾಲೀಕರು ತೊರೆದ ನಾಯಿಗಳನ್ನು ಪ್ರಾಣಿ ಕಲ್ಯಾಣ ಸಂಸ್ಥೆಗಳು ರಕ್ಷಿಸಿ, ಚಿಕಿತ್ಸೆ ನೀಡಿ, ಸಾಕಲು ಇಚ್ಛಿಸುವ ಕುಟುಂಬಗಳಿಗೆ ಒಪ್ಪಿಸುತ್ತವೆ. ಆ ಸಂದರ್ಭದಲ್ಲಿ ಬರೆಸಿಕೊಳ್ಳುವ ಪತ್ರದಲ್ಲಿ, ಸಾಕಲು ಸಾಧ್ಯವಾಗದಿದ್ದಲ್ಲಿ ನಾಯಿಯನ್ನು ಸಂಸ್ಥೆಗೇ ಹಿಂದಿರುಗಿಸತಕ್ಕದ್ದು ಎಂಬ ಷರತ್ತು ಸಾಮಾನ್ಯವಾಗಿರುತ್ತದೆ. ಇದು ಇಬ್ಬರ ನಡುವಣ ಖಾಸಗಿ ವಿಷಯದಂತೆ ಕಂಡರೂ, ಷರತ್ತು ವಿಫಲವಾದಾಗ ಅದರ ಹೊರೆ ಬೀಳುವುದು ಊರಿನ ಮೇಲೆ.

ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಸಾಕು ನಾಯಿಯ ಲಸಿಕೆ, ಜಂತುನಾಶಕ ಔಷಧ ಹಾಗೂ ಸಂತಾನಹರಣ ಚಿಕಿತ್ಸೆಯ ಹೊಣೆ ಮಾಲೀಕರದ್ದು. ಬೀದಿ ನಾಯಿಯ ವಿಷಯದಲ್ಲಿ ಆ ಹೊಣೆ ಸ್ಥಳೀಯ ಸಂಸ್ಥೆಯದ್ದು. ಅಂದರೆ, ದತ್ತು ನೀಡಿದ ನಾಯಿ ಮರಳಿ ಬೀದಿಗೆ ಬಂದರೆ ಅದರ ಜವಾಬ್ದಾರಿಯೂ ಸ್ಥಳೀಯ ಸಂಸ್ಥೆಗೇ ಮರಳುತ್ತದೆ. ವಾರ್ಷಿಕ ರೇಬೀಸ್ ಲಸಿಕೆ ತಪ್ಪಿದ ನಾಯಿ ಶಾಲೆ, ಅಂಗನವಾಡಿಗಳ ಸುತ್ತ ತಿರುಗಿದರೆ ಅಪಾಯಕ್ಕೆ ಒಳಗಾಗುವವರು ಮಕ್ಕಳು. ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರ ಆದೇಶದಲ್ಲಿ, ಬೀದಿ ನಾಯಿಯನ್ನು ದತ್ತು ಪಡೆದವರು ಅದು ಮತ್ತೆ ಬೀದಿ ಸೇರದಂತೆ ನೋಡಿಕೊಳ್ಳತಕ್ಕದ್ದು ಎಂದು ತಿಳಿಸಿದೆ.

ಸಾಕಿದ ಪ್ರಾಣಿಯನ್ನು ಹಸಿವು, ಬಾಯಾರಿಕೆಗೆ ಗುರಿಯಾಗುವಂತೆ ತೊರೆಯುವುದು ಪ್ರಾಣಿ ಹಿಂಸೆ ತಡೆ ಅಧಿನಿಯಮ, 1960ರ 11ನೇ ಪ್ರಕರಣದಡಿ ಅಪರಾಧ. ಆದರೆ ಮೊದಲ ಬಾರಿಯ ತಪ್ಪಿಗೆ ಅಧಿನಿಯಮವು ವಿಧಿಸಿರುವ ದಂಡ 10ರಿಂದ 50 ರೂಪಾಯಿ ಮಾತ್ರ. ಆದ್ದರಿಂದ ದಂಡದ ಭಯಕ್ಕಿಂತ ಸರಿಯಾಗಿ ಬರೆದ ಕರಾರಿನ ಮೇಲೆಯೇ ಹೆಚ್ಚು ಅವಲಂಬಿಸಬೇಕಾಗುತ್ತದೆ.

ಕಾನೂನಿನ ದೃಷ್ಟಿಯಲ್ಲಿ ನಾಯಿ ಚರ ಸ್ವತ್ತು. ‘ದತ್ತು’ ಎಂಬುದು ಇಲ್ಲಿ ರೂಢಿಯ ಮಾತು. ಮಕ್ಕಳ ದತ್ತು ಕಾನೂನು ಇದಕ್ಕೆ ಅನ್ವಯಿಸುವುದಿಲ್ಲ. ಹಿಂದಿರುಗಿಸುವ ಷರತ್ತು ಭಾರತೀಯ ಕರಾರು ಅಧಿನಿಯಮ, 1872ಕ್ಕೆ ಒಳಪಡುತ್ತದೆ. ಪ್ರತಿಫಲವಿಲ್ಲದ ಕರಾರು ಸಾಮಾನ್ಯವಾಗಿ ಅನೂರ್ಜಿತ. ಆದರೆ ಪ್ರತಿಫಲವು ಹಣವೇ ಆಗಬೇಕಿಲ್ಲ, ಪರಸ್ಪರ ವಾಗ್ದಾನಗಳೂ ಪ್ರತಿಫಲವಾಗುತ್ತವೆ. ಆದುದರಿಂದ ಪತ್ರದಲ್ಲಿ ಕುಟುಂಬದ ಕರ್ತವ್ಯಗಳಷ್ಟೇ ಅಲ್ಲ, ಸಂಸ್ಥೆಯ ಕರ್ತವ್ಯಗಳೂ ಇರಬೇಕು. ಸಹಿ ಮಾಡುವವರು 18 ವರ್ಷ ತುಂಬಿದವರಾಗಿರಬೇಕು. ನಾಯಿಯನ್ನು ಶಾಶ್ವತವಾಗಿ ಕೊಡಲಾಗಿದೆಯೋ, ಪಾಲನೆಗಾಗಿ ಮಾತ್ರ ಒಪ್ಪಿಸಲಾಗಿದೆಯೋ ಎಂಬುದು ಸ್ಪಷ್ಟವಾಗಿರಬೇಕು. ಕರಾರು ಸಹಿ ಮಾಡಿದವರನ್ನು ಮಾತ್ರ ಬಂಧಿಸುವುದರಿಂದ, ಸಂಸ್ಥೆಗೆ ತಿಳಿಸದೆ ನಾಯಿಯನ್ನು ಮೂರನೆಯವರಿಗೆ ಕೊಡಬಾರದೆಂದೂ ಬರೆಯುವುದು ಅಗತ್ಯ.

ಷರತ್ತು ಮುರಿದರೆ ಭಾರಿ ಮೊತ್ತ ತೆರಬೇಕೆಂದು ಕೆಲವೊಮ್ಮೆ ಬರೆಯಲಾಗುತ್ತದೆ. ಸದರಿ ಅಧಿನಿಯಮದ 74ನೇ ಪ್ರಕರಣದಂತೆ, ಬರೆದ ಮೊತ್ತವನ್ನು ಮೀರದಂತೆ ನ್ಯಾಯೋಚಿತ ಪರಿಹಾರವಷ್ಟೇ ದೊರೆಯುತ್ತದೆ. ಸಂಸ್ಥೆಯವರು ಮನೆಗೆ ನುಗ್ಗಿ ನಾಯಿಯನ್ನು ಒಯ್ಯುವಂತಿಲ್ಲ. ವಿವಾದವನ್ನು ಸಿವಿಲ್ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಬೇಕು.

ಭಾರಿ ದಂಡದ ಷರತ್ತಿಗೆ ಇನ್ನೊಂದು ದೋಷವಿದೆ. ಕೂಲಿಗಾಗಿ ಊರು ಬಿಡುವ, ಬಾಡಿಗೆ ಮನೆ ಬದಲಿಸುವ ಅಥವಾ ಅನಾರೋಗ್ಯಕ್ಕೆ ತುತ್ತಾದ ಕುಟುಂಬ ನಾಯಿಯನ್ನು ಸಾಕಲಾರದ ಸ್ಥಿತಿಗೆ ಬರಬಹುದು. ಹಿಂದಿರುಗಿಸಿದರೆ ಹಣ ಕಟ್ಟಬೇಕು, ಅವಮಾನ ಎದುರಿಸಬೇಕು ಎಂಬ ಅಂಜಿಕೆ ಇದ್ದಲ್ಲಿ, ನಾಯಿಯನ್ನು ರಾತ್ರೋರಾತ್ರಿ ಪಕ್ಕದ ಊರಿನ ಸಂತೆ ಮೈದಾನದಲ್ಲಿ ಬಿಟ್ಟು ಬರುವುದೇ ಸುಲಭವೆನಿಸುತ್ತದೆ. ಹಿಂದಿರುಗಿಸುವುದನ್ನು ಸುಲಭಗೊಳಿಸುವ ಕರಾರೇ ಒಳ್ಳೆಯ ಕರಾರು. ಸಂಸ್ಥೆಯು ಶುಲ್ಕವಿಲ್ಲದೆ, ಕಾರಣ ಏನೇ ಇರಲಿ, ನಿಗದಿತ ದಿನಗಳೊಳಗೆ ನಾಯಿಯನ್ನು ಮರಳಿ ಪಡೆಯುವುದಾಗಿ ಬರೆದುಕೊಡಬೇಕು. ಸ್ಥಳಾವಕಾಶವಿಲ್ಲದಿದ್ದಲ್ಲಿ ಮಾಡುವ ಪರ್ಯಾಯ ವ್ಯವಸ್ಥೆಯನ್ನೂ ತಿಳಿಸಬೇಕು.

ಗ್ರಾಮ ಪಂಚಾಯಿತಿ ಈ ಕರಾರಿನ ಪಕ್ಷಕಾರನಾಗಬೇಕಾದ ಅಗತ್ಯವಿಲ್ಲ. ತನ್ನ ವ್ಯಾಪ್ತಿಯಲ್ಲಿ ದತ್ತು ಶಿಬಿರ ನಡೆಯುವಾಗ ಸದಸ್ಯರು ಈ ಕೆಳಗಿನವುಗಳನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ:

1. ಕರಾರು ಕನ್ನಡದಲ್ಲಿದ್ದು, ಸಹಿಗೆ ಮುನ್ನ ಓದಿ ಹೇಳಲಾಗಿದೆ. ಒಂದು ಪ್ರತಿ ಕುಟುಂಬದ ಕೈಯಲ್ಲಿದೆ.
2. ಲಸಿಕೆ ಹಾಗೂ ಸಂತಾನಹರಣ ಚಿಕಿತ್ಸೆಯ ವಿವರವನ್ನು ಪಶುವೈದ್ಯರು ದೃಢೀಕರಿಸಿದ್ದಾರೆ. ಮರಿಯಾಗಿದ್ದಲ್ಲಿ ಮುಂದಿನ ಲಸಿಕೆಯ ದಿನಾಂಕ ನಮೂದಾಗಿದೆ.
3. ನಾಯಿಯ ಬಣ್ಣ, ಗುರುತು, ಭಾವಚಿತ್ರ ಪತ್ರದಲ್ಲಿವೆ.
4. ಹಿಂದಿರುಗಿಸಲು ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆ ಚಾಲ್ತಿಯಲ್ಲಿದೆ.
5. ದತ್ತು ನೀಡಿದ ನಾಯಿಗಳ ಪಟ್ಟಿಯ ಪ್ರತಿ ಪಂಚಾಯಿತಿ ಕಚೇರಿಗೆ ಸಲ್ಲಿಕೆಯಾಗಿದೆ.

ಕುಟುಂಬವೊಂದು ಸಾಕಲಾರೆವೆಂದು ಸದಸ್ಯರ ಬಳಿ ಬಂದಾಗ, ಗದರಿಸದೆ ಕರಾರಿನಲ್ಲಿರುವ ಸಂಖ್ಯೆಗೆ ಕರೆ ಮಾಡಿಸುವುದು ಉತ್ತಮ. ನಾಯಿಯು ಒಂದು ಮನೆಯಿಂದ ಸಂಸ್ಥೆಗೆ, ಅಲ್ಲಿಂದ ಮತ್ತೊಂದು ಮನೆಗೆ ಹೋಗುವುದರಲ್ಲಿ ಯಾರಿಗೂ ನಷ್ಟವಿಲ್ಲ. ಅದು ಬೀದಿ ಪಾಲಾದರೆ ಮಾತ್ರ ನಾಯಿಗೂ ಊರಿಗೂ ಸಂಕಷ್ಟ.