ಕಡತ ಕಾಯುವವರು ಬೇಕಾಗಿದ್ದಾರೆ

ಹಳೆಯ ಮ್ಯುಟೇಷನ್ ಪ್ರತಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟವರಿಗೆ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಹೊಸದೇನಲ್ಲ. ಆ ಒಂದು ಸಾಲಿನಿಂದ ಜಮೀನಿನ ವ್ಯಾಜ್ಯ ಅಪ್ಪನಿಂದ ಮಗನಿಗೆ ದಾಟುತ್ತದೆ. ಎಷ್ಟೋ ಸಲ ಕಡತ ಕಳೆದೇ ಹೋಗಿರುವುದಿಲ್ಲ. ರೆಕಾರ್ಡ್ ರೂಮಿನ ಯಾವುದೋ ಗಂಟಿನಲ್ಲಿ ಇರುತ್ತದೆ. ಯಾವ ಗಂಟು ಎಂದು ಹೇಳಬಲ್ಲವರು ಇರುವುದಿಲ್ಲ. ಅದನ್ನು ಹೇಳಬಲ್ಲವರಾಗಲು ಓದುತ್ತಿರುವವರು ನಾವು, ಆರ್ಕೈವಿಸ್ಟ್ ತರಬೇತಿಯ ವಿದ್ಯಾರ್ಥಿಗಳು.

ಇತಿಹಾಸದಲ್ಲಿ ಎಂ.ಎ. ಮುಗಿಸಿ ಈ ದಾರಿ ಹಿಡಿದವರಿಗೆ ಮೊದಲ ಪ್ರಶ್ನೆ ಎದುರಾಗುವುದು ಮನೆಯಲ್ಲೇ. ‘ಲೈಬ್ರರಿ ಕೋರ್ಸಾ?’ ಎಂದು ಚಿಕ್ಕಪ್ಪ ಕೇಳುತ್ತಾರೆ. ‘ಹಳೇ ಪೇಪರ್ ಜೋಡಿಸೋಕೂ ಓದ್ಬೇಕೇನೆ?’ ಎಂದು ಅತ್ತೆಗೆ ಅಚ್ಚರಿ. ಅವರನ್ನು ದೂರುವಂತಿಲ್ಲ. ಈ ವೃತ್ತಿಗೆ ನಮ್ಮಲ್ಲಿ ವಯಸ್ಸಾಗಿದ್ದರೂ ಜನರ ಕಣ್ಣಿಗೆ ಅದು ಬಿದ್ದಿಲ್ಲ. ಇಂದಿನ ರಾಷ್ಟ್ರೀಯ ಪತ್ರಾಗಾರ 1891ರ ಮಾರ್ಚ್ 11ರಂದು ಕಲ್ಕತ್ತದಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಅದರ ಸ್ಕೂಲ್ ಆಫ್ ಆರ್ಕೈವಲ್ ಸ್ಟಡೀಸ್ ದೆಹಲಿಯಲ್ಲಿ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. 1973ರಲ್ಲಿ ಶುರುವಾದ ನಮ್ಮ ರಾಜ್ಯ ಪತ್ರಾಗಾರ ವಿಧಾನಸೌಧದಲ್ಲೇ ಇದೆ.

ಗಂಟು ಬಿಚ್ಚಿದರೆ

ಕೆಂಪು ಬಟ್ಟೆಯ ಗಂಟೊಂದನ್ನು ಮೇಜಿನ ಮೇಲಿಟ್ಟು ಬಿಚ್ಚಿದರೆ ಮೊದಲು ಬರುವುದು ದೂಳು, ಆಮೇಲೆ ಕೆಮ್ಮು. ಒಳಗೆ ಗುಂಡುಸೂಜಿಗಳು ತುಕ್ಕು ಹಿಡಿದು ಹಾಳೆಗೆ ಕಚ್ಚಿಕೊಂಡಿರುತ್ತವೆ. ಎಳೆದರೆ ಹಾಳೆಯ ಮೂಲೆಯೇ ಕಿತ್ತು ಬರುತ್ತದೆ. ಸೂಜಿಯ ಕೆಳಗೆ ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ, ತುಕ್ಕನ್ನು ಸಡಿಲಿಸಿ, ಒಂದೊಂದಾಗಿ ಬಿಡಿಸಬೇಕು. ಹಳೆಯ ಕಬ್ಬಿಣದ ಶಾಯಿ ತನ್ನದೇ ಆಮ್ಲದಿಂದ ಅಕ್ಷರವಿದ್ದ ಜಾಗವನ್ನು ತಿಂದು ಹಾಕಿರುತ್ತದೆ. ಹಾಳೆ ಎತ್ತಿದರೆ ಅಕ್ಷರಗಳ ಆಕಾರದಲ್ಲೇ ತೂತು. ಅಂಥದ್ದಕ್ಕೆ ಜಪಾನಿ ಟಿಶ್ಯೂ ಕಾಗದ ಮತ್ತು ತೆಳು ಮೈದಾ ಅಂಟಿನ ಆಸರೆ ಕೊಡುತ್ತೇವೆ. ಹರಿದದ್ದನ್ನು ಉಳಿಸಲೆಂದು ಯಾರೋ ಹಚ್ಚಿದ ಸೆಲ್ಲೋಟೇಪ್ ಎಲ್ಲಕ್ಕಿಂತ ದೊಡ್ಡ ತಲೆನೋವು. ವರ್ಷ ಕಳೆದಂತೆ ಟೇಪ್ ಉದುರುತ್ತದೆ, ಹಳದಿ ಅಂಟು ಮಾತ್ರ ಹಾಳೆಯೊಳಕ್ಕೆ ಇಳಿದು ನಿಲ್ಲುತ್ತದೆ.

ಈ ಕೆಲಸಕ್ಕೆ ತಾಳ್ಮೆ ಬೇಕು, ಅದನ್ನು ಒಪ್ಪಿಯೇ ಬಂದಿದ್ದೇವೆ. ನೋವಾಗುವುದು ಕ್ರಮ ಕೆಟ್ಟಾಗ. ದಾಖಲೆಗಳು ಯಾವ ಕಚೇರಿಯಲ್ಲಿ, ಯಾವ ಅನುಕ್ರಮದಲ್ಲಿ ಹುಟ್ಟಿದವೋ ಅದೇ ಅನುಕ್ರಮದಲ್ಲಿ ಉಳಿಯಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಕೆರೆಯೊಂದರ ದುರಸ್ತಿಗೆ ಊರವರು ಬರೆದ ಅರ್ಜಿ, ಅಮಲ್ದಾರರ ವರದಿ, ಎಂಜಿನಿಯರರ ಅಂದಾಜು, ಕೊನೆಗೆ ಬಂದ ಆದೇಶ ಒಟ್ಟಿಗಿದ್ದರೆ ಒಂದು ಊರು ನೀರಿಗಾಗಿ ಪಟ್ಟ ಪಾಡು ತಿಳಿಯುತ್ತದೆ. ‘ನೀಟಾಗಿರಲಿ’ ಎಂದು ಯಾರೋ ಅರ್ಜಿಗಳನ್ನೆಲ್ಲ ಒಂದು ಕಡೆ, ನಕ್ಷೆಗಳನ್ನೆಲ್ಲ ಇನ್ನೊಂದು ಕಡೆ ಒಟ್ಟಿದರೆ ಹಾಳೆಗಳು ಉಳಿದರೂ ಆ ಕೆರೆಯ ಕಥೆ ಹೋಯಿತು.

ಸದುದ್ದೇಶದಿಂದಲೇ ಆಗುವ ಇನ್ನೊಂದು ಅನಾಹುತವಿದೆ. ಹಿಂದೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಅಂಥ ಕಪ್ಪು ಕಡತಗಳು ಮಠಗಳಲ್ಲೂ ಹಳೆಯ ಮನೆತನಗಳಲ್ಲೂ ಇವೆ. ದೂಳು ಕೂತಿದೆ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬರಹವೂ ದೂಳಿನೊಂದಿಗೆ ಹೋಗುತ್ತದೆ.

ಓದಲಾಗದ ಲಿಪಿ, ಹಂಚಿಹೋದ ದಾಖಲೆ

ಕನ್ನಡ ಬಂದರೆ ಕನ್ನಡ ನಾಡಿನ ದಾಖಲೆ ಓದಬಹುದು ಎಂಬ ನಂಬಿಕೆ ತರಬೇತಿಯ ಮೊದಲ ದಿನಗಳಲ್ಲೇ ಮುರಿಯುತ್ತದೆ. ಟಿಪ್ಪು ಕಾಲದ ಆಡಳಿತದ ಬರಹ ಪಾರ್ಸಿಯಲ್ಲಿದೆ. ಮರಾಠಾ ಆಡಳಿತದ ಲೆಕ್ಕಪತ್ರ ಮೋಡಿ ಲಿಪಿಯಲ್ಲಿದೆ. ಕೈ ಎತ್ತದೆ ಒಂದಕ್ಕೊಂದು ಹೆಣೆದು ಬರೆದ ಆ ಅಕ್ಷರಗಳಲ್ಲಿ ಪದ ಎಲ್ಲಿ ಮುಗಿಯಿತೆಂದು ಹಿಡಿಯಲು ಕಣ್ಣು ಪಳಗಬೇಕು. ಮೋಡಿ ಓದಬಲ್ಲ ಹಿರಿಯರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಕಲಿಸುವವರಿದ್ದಾಗಲೇ ಕಲಿಯಬೇಕೆಂಬ ಆತುರ ನಮಗೆ ಸದಾ ಇರುತ್ತದೆ.

ಲಿಪಿ ದಾಟಿದರೆ ದಾರಿಯ ಕಷ್ಟ. 1956ರ ಏಕೀಕರಣಕ್ಕೆ ಮೊದಲು ಕನ್ನಡ ಜಿಲ್ಲೆಗಳು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಜಿಲ್ಲೆಗಳು ಒಂದಾದವು, ಮೇಲಿನ ಕಚೇರಿಗಳ ಹಳೆಯ ಕಡತಗಳು ಒಂದಾಗಲಿಲ್ಲ. ಧಾರವಾಡ, ಬೆಳಗಾವಿಯ ಎಷ್ಟೋ ಪತ್ರವ್ಯವಹಾರಕ್ಕೆ ಮುಂಬೈಗೆ, ಮಂಗಳೂರು, ಬಳ್ಳಾರಿಯದಕ್ಕೆ ಚೆನ್ನೈಗೆ, ಬೀದರ್, ರಾಯಚೂರಿನದಕ್ಕೆ ಹೈದರಾಬಾದಿಗೆ ಹೋಗಬೇಕು. ಈಸ್ಟ್ ಇಂಡಿಯಾ ಕಂಪನಿ ಕಾಲದ ಇನ್ನೊಂದು ದೊಡ್ಡ ರಾಶಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪರಿಚಯಪತ್ರ, ಅನುಮತಿ, ರೈಲು ಟಿಕೆಟ್, ಅಲ್ಲಿ ಉಳಿಯುವ ಖರ್ಚು, ಇಷ್ಟೆಲ್ಲ ಆದ ಮೇಲೆ ಕೇಳಿದ ಕಟ್ಟು ‘ದುರಸ್ತಿಯಲ್ಲಿದೆ’ ಎಂಬ ಉತ್ತರ ಬಂದರೆ ವಿದ್ಯಾರ್ಥಿಯ ಕಿಸೆಗೆ ಆಗುವ ಪೆಟ್ಟು ಸಣ್ಣದಲ್ಲ.

ಸ್ಕ್ಯಾನ್ ಆದರೆ ಮುಗಿಯಿತೇ?

‘ಈಗ ಎಲ್ಲ ಸ್ಕ್ಯಾನ್ ಆಗುತ್ತಲ್ಲ, ನಿಮ್ಮ ಕೆಲಸ ಏನು?’ ಇದು ನಾವು ಹೆಚ್ಚು ಕೇಳುವ ಮಾತು. ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳು ಡಿಜಿಟಲ್ ಆಗುತ್ತಿರುವುದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಸ್ಕ್ಯಾನಿನ ಬೆಲೆ ಇರುವುದು ಅದರ ಸೂಚಿಯಲ್ಲಿ. ಅಭ್ಯಾಸಕ್ಕೆಂದು ನಾನು ಹೋಗಿದ್ದ ಒಂದು ಕಡೆ ರಾಶಿಗಟ್ಟಲೆ ಪುಟಗಳು ಸ್ಕ್ಯಾನ್ ಆಗಿದ್ದವು; ಪ್ರತಿ ಫೈಲಿಗೂ ಯಂತ್ರ ಕೊಟ್ಟ ಸಂಖ್ಯೆಯೇ ಹೆಸರು. ಊರು, ಇಸವಿ, ವಿಷಯ ಯಾವುದೂ ಇಲ್ಲ. ಗಂಟಿನಲ್ಲಿ ಹುಡುಕುತ್ತಿದ್ದುದನ್ನು ಈಗ ಪರದೆಯ ಮೇಲೆ ಹುಡುಕಬೇಕು, ಅಷ್ಟೇ. ಒಂದು ಕಡತವನ್ನು ಓದಿ, ಅದು ಯಾರದು, ಯಾವ ಕಾಲದ್ದು, ಯಾವುದಕ್ಕೆ ಸಂಬಂಧಿಸಿದ್ದು ಎಂದು ಎರಡು ಸಾಲು ಸರಿಯಾಗಿ ಬರೆಯುವುದಕ್ಕೇ ನಾವು ಓದುತ್ತಿರುವುದು.

ಕಾನೂನಿಗೆ ಕೊರತೆಯಿಲ್ಲ. ಕೇಂದ್ರದ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಪ್ರತಿ ಕಚೇರಿಯೂ ಒಬ್ಬ ದಾಖಲೆ ಅಧಿಕಾರಿಯನ್ನು ಗೊತ್ತುಮಾಡಬೇಕು ಎನ್ನುತ್ತದೆ. 1892ಕ್ಕೆ ಹಿಂದಿನ ದಾಖಲೆಯನ್ನು, ಅದು ಯಾವ ಉಪಯೋಗಕ್ಕೂ ಬಾರದಷ್ಟು ಹಾಳಾಗಿದೆ ಎಂದು ಪತ್ರಾಗಾರದ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು, ನಾಶ ಮಾಡುವಂತಿಲ್ಲ. ನಿಯಮ ಮೀರಿ ದಾಖಲೆ ನಾಶ ಮಾಡಿದರೆ ಐದು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಕರ್ನಾಟಕಕ್ಕೂ 2010ರ ತನ್ನದೇ ಕಾಯ್ದೆ ಇದೆ. ಆದರೆ ಈ ಹೊಣೆ ಹತ್ತು ಕೆಲಸ ಹೊತ್ತ ಗುಮಾಸ್ತರ ಹೆಗಲಿಗೆ ಹನ್ನೊಂದನೆಯದಾಗಿ ಬಿದ್ದರೆ, ಕಾಯ್ದೆಯ ಮಾತು ರೆಕಾರ್ಡ್ ರೂಮಿನ ಬಾಗಿಲು ದಾಟುವುದಿಲ್ಲ.

ನಮ್ಮ ಬೇಡಿಕೆ ದೊಡ್ಡದೇನಲ್ಲ. 31 ಜಿಲ್ಲೆಗಳಿಗೆ ತಲಾ ಒಬ್ಬ ತರಬೇತಿ ಪಡೆದ ಆರ್ಕೈವಿಸ್ಟ್ ಎಂದರೂ 31 ಹುದ್ದೆ. ಜಿಲ್ಲೆಯ ರೆಕಾರ್ಡ್ ರೂಮುಗಳ ಸೂಚಿ ಸಿದ್ಧಪಡಿಸುವುದು, ಯಾವ ಕಡತ ಉಳಿಯಬೇಕೆಂದು ತೀರ್ಮಾನಿಸಲು ನೆರವಾಗುವುದು, ಮನೆಗಳಲ್ಲಿರುವ ಕಾಗದಪತ್ರಗಳ ಬಗ್ಗೆ ಜನರಿಗೆ ಸಲಹೆ ಕೊಡುವುದು ಅವರ ಕೆಲಸವಾಗಲಿ. ಹುದ್ದೆ ಇಲ್ಲವೆಂದು ನನ್ನ ಸಹಪಾಠಿಗಳಲ್ಲಿ ಕೆಲವರು ಬ್ಯಾಂಕ್ ಪರೀಕ್ಷೆಗೆ ಕೂರುತ್ತಿದ್ದಾರೆ. ಅವರಲ್ಲಿ ಮೋಡಿ ಓದಲು ಕಲಿತವರೂ ಇದ್ದಾರೆ. ಅಂಥ ಒಬ್ಬರನ್ನು ತಯಾರು ಮಾಡಲು ಸರ್ಕಾರವೇ ಹಣ, ಸಮಯ ವ್ಯಯಿಸಿದೆ. ಅವರು ಬೇರೆ ದಾರಿ ಹಿಡಿಯುವ ಮೊದಲೇ ಅವರಿಗೆ ಕೆಲಸ ಕೊಡಬೇಕು.